ಕಾಲುಸಂಕದ ಮೇಲೆ ಕಾರು ಹತ್ತಿಸಬೇಡಿ

ಕೇಳುಗರಿಗೆ ನಮಸ್ಕಾರ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಖಾತೆ ತೆರೆದ ಯಾರು ಬೇಕಾದರೂ ತಮ್ಮೂರಿನ ರಸ್ತೆಯನ್ನು ಅದರಲ್ಲಿ ಬರೆಯಬಹುದು. ಹೇಗೆ ಬರೆಯಬೇಕು ಅನ್ನುವುದಕ್ಕೆ ನನ್ನದು ಒಂದೇ ಮಾತು: ಹೋಗಿ ನೋಡಿ, ಆಮೇಲೆ ಬರೆಯಿರಿ.

ಶಿರಸಿ ಕಡೆಯ ಒಂದು ಊರು ಅಂದುಕೊಳ್ಳಿ. ಮೇಲಿನ ಕೇರಿ, ಕೆಳಗಿನ ಕೇರಿ, ನಡುವೆ ಹಳ್ಳ. ಉಪಗ್ರಹ ಚಿತ್ರದಲ್ಲಿ ಈಚೆಗೂ ಮಣ್ಣು ರಸ್ತೆ ಕಾಣುತ್ತದೆ, ಆಚೆಗೂ ಕಾಣುತ್ತದೆ. ನಡುವೆ ಬರೀ ಅಡಿಕೆ ತೋಟದ ಹಸಿರು. ಎಲ್ಲೋ ಕೂತ ಪುಣ್ಯಾತ್ಮ ಎರಡಕ್ಕೂ ಗೆರೆ ಎಳೆದು ಕೂಡಿಸಿಬಿಟ್ಟ, 'ಅನ್‌ಕ್ಲಾಸಿಫೈಡ್' ಎಂದು ಗುರುತೂ ಕೊಟ್ಟ. ಅಂದರೆ ಊರಿಂದೂರಿಗೆ ಹೋಗುವ ಸಣ್ಣ ರಸ್ತೆ, ಕಾರು ಹೋಗುತ್ತದೆ ಎಂದರ್ಥ. ಮದುವೆ ಮನೆಗೆ ಹುಬ್ಬಳ್ಳಿಯಿಂದ ಹೊರಟ ನೆಂಟರಿಗೆ ಮೊಬೈಲು ಇದೇ ದಾರಿ ತೋರಿಸುತ್ತದೆ, ಹತ್ತಿರ ಆಗುತ್ತದಲ್ಲ! ಇಳಿಜಾರು ಇಳಿದರೆ ಎದುರಿಗೆ ದಣಪೆ, ಅಂದರೆ ಬೇಲಿಯ ಬಾಗಿಲು. ದಣಪೆಯಾಚೆ ಕಾಲುಸಂಕ: ನಾಲ್ಕು ಅಡಿಕೆ ಮರ, ಕೈ ಹಿಡಿಯಲು ಒಂದು ಬಿದಿರು. ಕಾರು ತಿರುಗಿಸಲು ಜಾಗವಿಲ್ಲ. ಹಿಮ್ಮುಖವಾಗಿಯೇ ಏರು ಹತ್ತಬೇಕು, ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಅತ್ತ ಮುಹೂರ್ತ ಮುಗಿಯುತ್ತಿದ್ದರೆ ಇತ್ತ ಕೇರಿಯ ಹುಡುಗರು ಕಾರು ದೂಡುತ್ತಿರುತ್ತಾರೆ.

ಹೋಗಿ ನೋಡಿದವನು ಹೇಗೆ ಬರೆಯುತ್ತಾನೆ? ತೋಟದವರೆಗಿನ ಮಣ್ಣು ದಾರಿ 'ಟ್ರ್ಯಾಕ್'. ದಣಪೆ ಇದ್ದಲ್ಲಿ 'ಗೇಟ್' ಎಂದು ಒಂದು ಬಿಂದು. ಗೆರೆಯನ್ನು ಅಲ್ಲಿಗೆ ತುಂಡರಿಸಿ ಮುಂದಿನದಕ್ಕೆ 'ಪಾತ್', ಅಂದರೆ ಕಾಲುದಾರಿ. ಸಂಕದಷ್ಟು ತುಂಡಿಗೆ ಮಾತ್ರ 'ಬ್ರಿಡ್ಜ್', 'ಲೇಯರ್' 1, ಅಂದರೆ ನೆಲಕ್ಕಿಂತ ಒಂದು ಹಂತ ಮೇಲೆ. ದಾರಿಯ ಒಂದು ತುಂಡು ಮುಗಿದ ಬಿಂದುವಿನಿಂದಲೇ ಮುಂದಿನ ತುಂಡು ಶುರುವಾಗಬೇಕು. ಕಣ್ಣಿಗೆ ಕೂಡಿದಂತೆ ಕಂಡು ಬಿಂದು ಬೇರೆಬೇರೆ ಇದ್ದರೆ ನಡೆಯುವವರಿಗೂ ದಾರಿ ಸಿಗುವುದಿಲ್ಲ. ಆದರೆ ಸಂಕದ ಗೆರೆಯನ್ನು ಕೆಳಗಿನ ಹಳ್ಳದ ಗೆರೆಗೆ ಕೂಡಿಸಬಾರದು. ಸಂಕವೇ ಇಲ್ಲದೆ ನೀರಿನಲ್ಲೇ ದಾಟುವ ಜಾಗವಾದರೆ ಕೂಡಿಸಿ, ಆ ಬಿಂದುವಿಗೆ 'ಫೋರ್ಡ್' ಎಂದು ಬರೆಯಿರಿ. ಇದ್ಯಾವುದೂ ಉಪಗ್ರಹದಿಂದ ಕಾಣುವುದಿಲ್ಲ. ಹೋಗಿಯೇ ನೋಡಬೇಕು.

ಹೋಗುವಾಗ ಓಸ್ಮ್ಯಾಂಡ್‌ನಂಥ ಆ್ಯಪ್‌ನಲ್ಲಿ ನಡೆದ ದಾರಿಯ ಜಾಡು ದಾಖಲಿಸಿ. ನಡೆಯುವಾಗ ಒಂದೆರಡು ಸೆಕೆಂಡಿಗೊಂದು ಬಿಂದು ಸಾಕು. ಮರದಡಿ, ಘಟ್ಟದ ತಿರುವಿನಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುತ್ತದೆ, ಅದಕ್ಕೇ ಬರುವಾಗಲೂ ದಾಖಲಿಸಿ ಎರಡನ್ನೂ ಹೋಲಿಸಿ. ಉಪಗ್ರಹ ಚಿತ್ರವೂ ಗುಡ್ಡದ ಸೀಮೆಯಲ್ಲಿ ಸರಿದು ಕೂತಿರಬಹುದು. ಆಕಾಶ ತೆರೆದಿರುವ ಗದ್ದೆ ಬಯಲಿನ ಜಾಡಿಗೆ ಮೊದಲು ಚಿತ್ರವನ್ನು ಹೊಂದಿಸಿ, ಆಮೇಲೆ ಗೆರೆ ಎಳೆಯಿರಿ.

ಗೂಗಲ್ ನಕಾಶೆ ನೋಡಿ ನಕಲು ಮಾಡಿದರಾಗದೇ? ಆಗದು. ಅದರ ಹಕ್ಕು ಅವರದು, ನಕಲು ಎಂದು ಗೊತ್ತಾದರೆ ಬರೆದದ್ದನ್ನು ಅಳಿಸುತ್ತಾರೆ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುವುದಿಲ್ಲ ನೋಡಿ.

ಹೊತ್ತಾಗುತ್ತಾ ಬಂತು, ಕರಾವಳಿಯ ಮಾತು ಚುಟುಕಾಗಿ ಹೇಳುತ್ತೇನೆ. ಹೆದ್ದಾರಿ 66ರಲ್ಲಿ ನಡುವೆ ವಿಭಜಕ ಇದ್ದಲ್ಲಿ ಎರಡು ಗೆರೆ, ಎರಡೂ 'ಒನ್‌ವೇ'. ಗೆರೆ ಎಳೆದ ದಿಕ್ಕೇ ವಾಹನದ ದಿಕ್ಕು. ಉಲ್ಟಾ ಎಳೆದರೆ ಮೊಬೈಲು ಲಾರಿಗೆ ಎದುರಾಗಿ ಕಳಿಸುತ್ತದೆ. ಒಮ್ಮೆ ಸರಿ ಬರೆದದ್ದೂ ಸರಿಯಾಗಿಯೇ ಉಳಿಯುವುದಿಲ್ಲ. 2024ರ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದಾಗ ಅದರ ಗೆರೆ ತೆಗೆದರಷ್ಟೇ ಸಾಲುತ್ತಿರಲಿಲ್ಲ, ಎರಡೂ ಕಡೆಯ ವಾಹನ ಓಡತೊಡಗಿದ ಹೊಸ ಸೇತುವೆಯ ಒನ್‌ವೇ ಗುರುತನ್ನೂ ತೆಗೆಯಬೇಕಿತ್ತು. ತದಡಿ–ಅಘನಾಶಿನಿ ನಡುವಿನ ದೋಣಿ ದಾಟು ರಸ್ತೆಯಲ್ಲ, 'ಫೆರಿ'. ಅದರ ಎರಡು ತುದಿಯೂ ದಡದ ದಾರಿಗೆ ಕೂಡಿರಲಿ.

ನಿಮ್ಮ ಕೇರಿಯ ರಸ್ತೆ ಈಗಾಗಲೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿದ್ದರೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಾಕಿಕೊಳ್ಳಿ. ಡಾಂಬರೋ ಮಣ್ಣೋ ಎಂದು ಅದೇ ಕೇಳುತ್ತದೆ. ಉತ್ತರವನ್ನು ದಯವಿಟ್ಟು ಮನೆಯ ಜಗಲಿಯಲ್ಲಿ ಕೂತು ಕೊಡಬೇಡಿ. ನಮಸ್ಕಾರ.