ಕಣ್ಣು ಸರಿಯುವುದಿಲ್ಲ, ಜಿಗಿಯುತ್ತದೆ

[ದೃಶ್ಯ: ಹಳೇಬೀಡು, ಹೊಯ್ಸಳೇಶ್ವರ ಗುಡಿಯ ಹೊರಗೋಡೆ]

ನಮಸ್ಕಾರ. ಗೋಡೆಯ ಬುಡದಲ್ಲಿ ಆನೆಗಳ ಸಾಲು ಕಾಣ್ತಿದೆಯಲ್ವಾ? ಈ ತುದಿಯಿಂದ ಆ ತುದಿಗೆ, ಎಲ್ಲೂ ನಿಲ್ಲದೆ, ನಿಧಾನವಾಗಿ ಕಣ್ಣು ಹಾಯಿಸುತ್ತೇನೆ. ಹಾಯಿಸಿದೆ ಅಂತಲೇ ನನಗೆ ಅನ್ನಿಸುತ್ತದೆ. ಈಗ ನನ್ನ ಕಣ್ಣನ್ನೇ ನೋಡಿ.

[ದೃಶ್ಯ: ಕಣ್ಣಿನ ಕ್ಲೋಸಪ್, ಸ್ಲೋ ಮೋಷನ್]

ಒಂದು ಆನೆಯ ಮೇಲೆ ನಿಂತಿತು. ಹಾರಿತು. ಇನ್ನೊಂದರ ಮೇಲೆ ನಿಂತಿತು. ಈ ಜಿಗಿತಕ್ಕೆ ಸಕೇಡ್ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು ಮೂರು ಸಲ, ಎಚ್ಚರವಿದ್ದಷ್ಟು ಹೊತ್ತೂ ಇದೇ ಕೆಲಸ.

ಯಾಕೆ ಬೇಕು? ಕೈ ಚಾಚಿ ಹೆಬ್ಬೆರಳು ಎತ್ತಿ. ಕಣ್ಣಿಗೆ ಚೆನ್ನಾಗಿ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಆ ಉಗುರಿನಷ್ಟು ಜಾಗ ಮಾತ್ರ. ಕಣ್ಣಿನೊಳಗೆ ಬೆಳಕು ಹಿಡಿಯುವ ಪದರದ, ಅಂದರೆ ರೆಟಿನಾದ, ನಡುವೆ ಫೋವಿಯಾ ಎಂಬ ಪುಟ್ಟ ಗುಳಿಯಿದೆ, ಆ ಚುರುಕು ಅದಕ್ಕಷ್ಟೇ ಇದೆ. ಅದನ್ನು ಒಂದೊಂದೇ ಆನೆಯ ಕಡೆ ತಿರುಗಿಸಲೇಬೇಕು.

ಓದುವಾಗಲೂ ಹೀಗೆಯೇ. ಸಾಲಿನ ಮೇಲೆ ಕಣ್ಣು ಕುಪ್ಪಳಿಸುತ್ತದೆ ಎಂಬುದನ್ನು 1879ರ ಹೊತ್ತಿಗೆ ಗಮನಕ್ಕೆ ತಂದವರು ಪ್ಯಾರಿಸಿನ ಕಣ್ಣಿನ ಡಾಕ್ಟರ್ ಎಮಿಲ್ ಜಾವಾಲ್. ಇಂಗ್ಲಿಷ್ ಓದುವವರಲ್ಲಿ ಅಳೆದಾಗ, ಒಂದೊಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟು ನಿಲುಗಡೆ, ಆಮೇಲೆ 7ರಿಂದ 9 ಅಕ್ಷರದ ನೆಗೆತ. ಹತ್ತರಲ್ಲಿ ಒಂದಾದರೂ ಹಿಂದಕ್ಕೆ! ಪಳಗಿದ ಓದುಗರಿಗೂ ಅಷ್ಟೇ. ಹಾಗಾಗಿ ಮಕ್ಕಳು ಓದಿದ್ದನ್ನೇ ತಿರುಗಿ ನೋಡಿದರೆ ದಯವಿಟ್ಟು ಗದರಬೇಡಿ.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಇದು. ಕನ್ನಡಿ ಮುಂದೆ ನಿಂತು ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು. ನಿಮ್ಮ ಕಣ್ಣು ಅಲುಗಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ! ಜಿಗಿಯುವ ಆ ಕ್ಷಣದಲ್ಲಿ ಬರುವ ಕಲಸಿದ ಚಿತ್ರವನ್ನು ಮೆದುಳು ಅದುಮಿಬಿಡುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾತ್ರ ಕಾಣಬಹುದು. ಪರದೆಗೆ ಚಿತ್ರ ಬರುವುದು ಚೂರು ತಡ, ಅಷ್ಟರಲ್ಲಿ ನಿಮ್ಮ ಕಣ್ಣು ನಿಂತಿರುತ್ತದೆ.

ಹಾಗಾದರೆ ಕಣ್ಣು ನಯವಾಗಿ ಸರಿಯುವುದೇ ಇಲ್ವಾ? ಸರಿಯುತ್ತದೆ, ಎದುರಿಗೆ ಏನಾದರೂ ಚಲಿಸುತ್ತಿರಬೇಕು.

[ದೃಶ್ಯ: ಹಾಸನ–ಬೇಲೂರು ಬಸ್ಸು, ಕಿಟಕಿ ಸೀಟು]

ಕಿಟಕಿಯಾಚೆ ನೋಡುತ್ತಿರುವ ನನ್ನ ಗೆಳತಿಯ ಕಣ್ಣು ಗಮನಿಸಿ. ಮರದ ಜೊತೆ ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಫಕ್ಕನೆ ಮುಂದಕ್ಕೆ ಹಾರಿ ಇನ್ನೊಂದು ಮರ ಹಿಡಿಯುತ್ತದೆ. ಮತ್ತೆ ಜಾರುತ್ತದೆ, ಮತ್ತೆ ಹಾರುತ್ತದೆ. ಅವಳನ್ನು ಕೇಳಿದರೆ, 'ಸುಮ್ನೆ ಹೊರಗೆ ನೋಡ್ತಾ ಕೂತಿದ್ದೆ' ಅಂದಳು.