ಕೊನೆಯ ಮೂರು ಚುಕ್ಕೆ ನೋಡಿ

ನಮಸ್ಕಾರ. ನಮ್ಮ ಬೆಳಗಾವಿ, ಬಾಗಲಕೋಟೆ ಹೊಳೆಗಳ ನೆರೆಯ ಲೆಕ್ಕ ಹಾಕುವಾಗ ‘2019ರ ಅಂಕಿ ವಿಪರೀತ ಜಾಸ್ತಿ ಇದೆ, ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿತು, ಘಟಪ್ರಭೆ ಗೋಕಾಕಕ್ಕೆ ನುಗ್ಗಿತು. ಮುಧೋಳದ ಕಡೆ ಕಬ್ಬು ನೀರಲ್ಲಿ ನಿಂತಿತು. ನೀರಿನ ಮಟ್ಟ ಅಳೆಯುವ ಗೇಜ್ ಕೆಟ್ಟಿತ್ತು ಎಂಬ ದಾಖಲೆ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ತಪ್ಪು ಅಂಕಿಯದಲ್ಲ, ನಾವು ಆರಿಸಿಕೊಂಡ ವಿತರಣೆಯದು, ಅಂದರೆ ಎಷ್ಟು ದೊಡ್ಡ ನೆರೆ ಎಷ್ಟು ಸಲ ಬರಬಹುದು ಎಂದು ಹೇಳುವ ಗಣಿತದ ಮಾದರಿಯದು.

ಆ ತಪ್ಪನ್ನು ಹಿಡಿಯಲು, ಅಳೆದ ಅಂಕಿಗಳು ವಿತರಣೆಗೆ ಹೊಂದುತ್ತವೆಯೇ ಎಂದು ಚುಕ್ಕೆ ಇಟ್ಟು ನೋಡುವ ಪ್ರಾಬಬಿಲಿಟಿ ಪ್ಲಾಟ್‌ನಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಹೊಸದೇನಲ್ಲ. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1914ರಲ್ಲೇ ಜಲಾಶಯದ ಲೆಕ್ಕಕ್ಕೆ ಇದನ್ನು ಬಳಸಿದರು. ಇದೇ ಜಾತಿಯ ಕ್ಯೂ-ಕ್ಯೂ ಪ್ಲಾಟ್ ಬಗ್ಗೆ ಸಂಖ್ಯಾಶಾಸ್ತ್ರಜ್ಞರಾದ ವಿಲ್ಕ್ ಮತ್ತು ಜ್ಞಾನದೇಶಿಕನ್ 1968ರಲ್ಲಿ ಬರೆದರು.

30 ವರ್ಷದ ದಾಖಲೆ ಇದೆ ಎನ್ನಿ. ಪ್ರತಿ ವರ್ಷದ ಅತಿ ದೊಡ್ಡ ಹರಿವನ್ನಷ್ಟೇ ತೆಗೆದುಕೊಳ್ಳಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಹರಿವು ಅಷ್ಟರೊಳಗೇ ಇರುವ ಸಂಭವನೀಯತೆ ಎಂದು ಮೊದಲನೆಯದಕ್ಕೆ 1/31 ಕೊಡಿ, ಎರಡನೆಯದಕ್ಕೆ 2/31, ಹೀಗೇ ಕೊನೆಯದಕ್ಕೆ 30/31. ಆ ಸಂಭವನೀಯತೆಗೆ ವಿತರಣೆ ಕೊಡುವ ಮೌಲ್ಯವನ್ನು ಎಕ್ಸ್ ಅಕ್ಷದಲ್ಲಿ ಇಡಿ, ಅಳೆದ ಹರಿವನ್ನು ವೈ ಅಕ್ಷದಲ್ಲಿ ಇಡಿ. ವಿತರಣೆ ಸರಿಯಿದ್ದರೆ ಚುಕ್ಕೆಗಳು ಒಂದು ನೇರ ಗೆರೆಯ ಆಚೀಚೆ ಕೂರುತ್ತವೆ.

ಈಗ ತುದಿ ನೋಡಿ. ಗಂಟೆಯಾಕಾರದ ನಾರ್ಮಲ್ ವಿತರಣೆಯಲ್ಲಿ ಮೊದಲ ಚುಕ್ಕೆಯ ಜಾಗ −1.85, ಕೊನೆಯದರ ಜಾಗ +1.85. ಎರಡೂ ಕಡೆ ಸಮ. ವರ್ಷದ ಅತಿ ದೊಡ್ಡ ಅಂಕಿಗಳಿಗೆ ಬಳಸುವ ಗಂಬೆಲ್ ವಿತರಣೆಯಲ್ಲಿ ಮೊದಲನೆಯದು −1.23, ಕೊನೆಯದು 3.42. ಅಂದರೆ ದೊಡ್ಡ ನೆರೆ ಬರುತ್ತದೆ ಎಂದು ಗಂಬೆಲ್ ಮೊದಲೇ ಜಾಗ ಬಿಟ್ಟಿರುತ್ತದೆ. ನಾರ್ಮಲ್ ಪ್ಲಾಟ್‌ನಲ್ಲಿ ಗೆರೆ ಬಿಟ್ಟು ಮೇಲೆ ಹಾರಿದ ಚುಕ್ಕೆ ಇಲ್ಲಿ ಗೆರೆಯ ಹತ್ತಿರವೇ ಬರಬಹುದು. ಇಲ್ಲೂ ಮೇಲೇ ಉಳಿದರೆ ಇನ್ನೂ ಉದ್ದ ಬಾಲದ, ಅಂದರೆ ಇನ್ನೂ ದೊಡ್ಡ ನೆರೆಗೂ ಜಾಗ ಬಿಡುವ ವಿತರಣೆ ಹುಡುಕಬೇಕು.

ಅಂಕಿಗಳನ್ನು ಕಂಬಗಳಾಗಿ ತೋರಿಸುವ ಹಿಸ್ಟೋಗ್ರಾಮ್ ಸಾಕಲ್ವಾ? ಸಾಲದು. 30 ಅಂಕಿಗಳಿದ್ದಾಗ ಕಂಬದ ಅಗಲ ಬದಲಿಸಿದರೆ ಆಕಾರವೇ ಬದಲಾಗುತ್ತದೆ. ವಿತರಣೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆಯ ಪಿ-ವ್ಯಾಲ್ಯೂ? ಅದು ಒಂದೇ ಸಂಖ್ಯೆ. ಎಲ್ಲಿ ಹೊಂದುತ್ತಿಲ್ಲ ಎಂದು ತೋರಿಸುವುದಿಲ್ಲ. ನಡುವಿನ ಚುಕ್ಕೆಗಳೆಲ್ಲ ಗೆರೆಯ ಮೇಲಿದ್ದು ಕೊನೆಯ ಮೂರು ಮಾತ್ರ ಮೇಲೆದ್ದಿದ್ದರೂ ಪರೀಕ್ಷೆ ಪಾಸ್ ಮಾಡಿಬಿಡಬಹುದು. ಆದರೆ ಸೇತುವೆ ಎಷ್ಟು ಎತ್ತರ ಇರಬೇಕು ಎನ್ನುವ ಪ್ರಶ್ನೆ ನಿಂತಿರುವುದೇ ಆ ಮೂರರ ಮೇಲೆ. ಊರು ಮುಳುಗಿಸುವುದು ಸರಾಸರಿ ನೆರೆಯಲ್ಲ.

ಹಾಗೆಂದು ತುದಿಯ ಪ್ರತಿ ಚುಕ್ಕೆಗೂ ಗಾಬರಿಯಾಗಬೇಡಿ. ವಿತರಣೆ ಸರಿಯಿದ್ದಾಗಲೂ ತುದಿಯ ಚುಕ್ಕೆಗಳು ಜಾಸ್ತಿ ಅಲುಗಾಡುತ್ತವೆ. ಎಷ್ಟು ಅಲುಗಾಡಿದರೆ ಸಹಜ ಎಂದು ತಿಳಿಯಲು ನೀವು ಹೊಂದಿಸಿದ ವಿತರಣೆಯಿಂದಲೇ ಕಂಪ್ಯೂಟರ್‌ನಲ್ಲಿ 30 ಅಂಕಿ ಹುಟ್ಟಿಸಿ, ಅದೇ ಪ್ಲಾಟ್ ಹಾಕಿ. ಇಂಥ 19 ಪ್ಲಾಟ್ ಮಾಡಿ, ಅವುಗಳ ನಡುವೆ ನಿಮ್ಮ ನಿಜವಾದ ಪ್ಲಾಟ್ ಸೇರಿಸಿ. ಯಾವುದು ಯಾವುದೆಂದು ಗೊತ್ತಿಲ್ಲದ ಗೆಳೆಯರಿಗೆ ತೋರಿಸಿ, ‘ಇದರಲ್ಲಿ ಬೇರೆ ಥರ ಇರುವುದು ಯಾವುದು’ ಎಂದು ಕೇಳಿ. ಅವರು ಥಟ್ಟನೆ ನಿಮ್ಮದನ್ನೇ ತೋರಿಸಿದರೆ ಆ ವಿತರಣೆ ಬಿಟ್ಟು ಬೇರೆಯದನ್ನು ಹಾಕಿ ನೋಡಿ. ಎಕ್ಸೆಲ್‌ನಲ್ಲೇ ಮಾಡಬಹುದು, ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ.