ಕಾದಂಬರಿಗೊಂದು ನಡೆ, ಕವಿತೆಗೊಂದು ನಡೆ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಲ್ಲಿ ಪುಸ್ತಕಕ್ಕೆ ಬರವಿಲ್ಲ. ಗಾಂಧಿಬಜಾರಿನಲ್ಲಿ ಕನ್ನಡದ ಹೊಸ ಪುಸ್ತಕ, ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ, ಚರ್ಚ್ ಸ್ಟ್ರೀಟಿನಲ್ಲಿ ಎರಡೂ. ಒಂದು ದಿನ ಸುತ್ತಿದರೆ ಕೈಚೀಲ ತುಂಬುತ್ತದೆ. ಹಾಗೆ ತಂದ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಮೂವತ್ತು ನಲವತ್ತನೇ ಪುಟಕ್ಕೇ ನಿಂತುಬಿಡುತ್ತವೆ. ಪುರುಸೊತ್ತಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಪುರುಸೊತ್ತು ಇದ್ದಾಗಲೂ ಓದು ಸಾಗುವುದಿಲ್ಲ, ಯಾಕೆಂದರೆ ಎಲ್ಲವನ್ನೂ ಕಾದಂಬರಿಯ ನಡೆಯಲ್ಲೇ ಓದಲು ಹೊರಡುತ್ತೇವೆ. ಕವಿತೆ ಆ ನಡೆಗೆ ಒಗ್ಗುವುದಿಲ್ಲ, ನಾಟಕ ಒಗ್ಗುವುದಿಲ್ಲ, ಗಿಡಮರದ ಪುಸ್ತಕವಂತೂ ಒಗ್ಗುವುದೇ ಇಲ್ಲ. ಒಂದೇ ತಿಂಗಳಲ್ಲಿ ನಾಲ್ಕೈದು ಪ್ರಕಾರದ ಪುಸ್ತಕ ಓದುವ ಆಸೆ ಇದ್ದವರು ಒಂದೊಂದಕ್ಕೂ ಅದರದೇ ನಡೆ, ಅದರದೇ ಹೊತ್ತು ಗೊತ್ತುಮಾಡಿಕೊಳ್ಳಬೇಕು.

ಮೊದಲು ಲೆಕ್ಕ. ಕಾಗದ ಪೆನ್ಸಿಲ್ ಹತ್ತಿರದಲ್ಲಿದ್ದರೆ ತೆಗೆದುಕೊಳ್ಳಿ.

ನಮ್ಮ ಹೆಚ್ಚಿನ ಪುಸ್ತಕಗಳು ಡೆಮಿ 1/8 ಆಕಾರದವು, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯವು. ಅಂಥ ಒಂದು ಪುಟದಲ್ಲಿ 30 ಸಾಲು, ಸಾಲಿಗೆ ಎಂಟು ಪದ ಎಂದಿಟ್ಟುಕೊಂಡರೆ 240 ಪದ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ನಿಮ್ಮ ಎಂದಿನ ರೀತಿಯಲ್ಲಿ ಓದಿ. ಐದು ಪುಟ ಆದರೆ ಪುಟಕ್ಕೆ ಎರಡು ನಿಮಿಷ. ನಿಮ್ಮದು ಮೂರು ನಿಮಿಷವಾದರೂ ಏನೂ ಕೊರತೆಯಿಲ್ಲ, ಮುಂದಿನ ಲೆಕ್ಕವನ್ನು ಅದರಂತೆ ತಗ್ಗಿಸಿಕೊಳ್ಳಿ. ದಿನಕ್ಕೆ 45 ನಿಮಿಷ ಓದಿಗೆ ಸಿಗುತ್ತದೆ ಎನ್ನೋಣ. ತಿಂಗಳ 30 ದಿನದಲ್ಲಿ ಮೂರು ದಿನವನ್ನು ಮೊದಲೇ ಬಿಟ್ಟುಬಿಡಿ. ಮದುವೆ, ಜ್ವರ, ನೆಂಟರು, ಏನೋ ಒಂದು ಬಂದೇ ಬರುತ್ತದೆ. ಉಳಿದ 27 ದಿನಕ್ಕೆ 1215 ನಿಮಿಷ, ಅಂದರೆ 20 ಗಂಟೆ 15 ನಿಮಿಷ. ಇಷ್ಟೇ ನಮ್ಮ ಬಂಡವಾಳ.

ಇದನ್ನು ಹೀಗೆ ಹಂಚಬಹುದು. 240 ಪುಟದ ಒಂದು ಕಾದಂಬರಿಗೆ 12 ದಿನ, ದಿನಕ್ಕೆ 40 ನಿಮಿಷ. ಎಂಟು ಸಣ್ಣಕತೆಗೆ ಎಂಟು ದಿನ, ದಿನಕ್ಕೆ 35 ನಿಮಿಷ. ಒಂದು ನಾಟಕಕ್ಕೆ ಮೂರು ದಿನ. ವಿಜ್ಞಾನ ಬರಹದ 50 ಪುಟಕ್ಕೆ ನಾಲ್ಕು ದಿನ. ಪ್ರತಿದಿನ ಉಳಿಯುವ ಐದರಿಂದ ಹತ್ತು ನಿಮಿಷ ಪದ್ಯಕ್ಕೆ. ತಿಂಗಳಿಗೆ ಹತ್ತು ಪುಸ್ತಕ ಎಂದು ಹೊರಟವರಿಗೆ ಇದು ಕಡಿಮೆ ಅನ್ನಿಸಬಹುದು. ಆದರೆ ಇದರಲ್ಲಿ ಒಂದೂ ಅರ್ಧಕ್ಕೆ ನಿಲ್ಲುವುದಿಲ್ಲ.

ತಿಂಗಳನ್ನು ಸಣ್ಣಕತೆಯಿಂದ ಶುರು ಮಾಡಿ. ಮೊದಲ ವಾರಕ್ಕೇ ದಪ್ಪ ಕಾದಂಬರಿ ಎತ್ತಿಕೊಂಡರೆ, ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿಗೆ ತಿಂಗಳೇ ನಿಲ್ಲುತ್ತದೆ. ಕತೆಯಾದರೆ ಕೂತಲ್ಲೇ ಮುಗಿಯುತ್ತದೆ, ಮರುದಿನ ಪುಸ್ತಕ ಹಿಡಿಯುವ ಮನಸ್ಸೂ ಬರುತ್ತದೆ. 12 ಪುಟದ ಕತೆಗೆ ಪುಟಕ್ಕೆ ಎರಡೂವರೆ ನಿಮಿಷದಂತೆ 30 ನಿಮಿಷ. ಮಿಕ್ಕ ಐದು ನಿಮಿಷ ಮೊದಲ ಪುಟಕ್ಕೆ ಮರಳಿ ಹೋಗಲು. ಕತೆಗಾರರು ಕೊನೆಗೆ ಬೇಕಾದ್ದನ್ನು ಮೊದಲ ಪುಟದಲ್ಲೇ ಎಲ್ಲೋ ಇಟ್ಟಿರುತ್ತಾರೆ, ಒಂದು ಪಾತ್ರೆ, ಒಂದು ಸಾಲ, ಯಾರೋ ಆಡಿದ ಅರ್ಧ ಮಾತು. ಮೊದಲ ಸಲ ಕಣ್ಣಿಗೆ ಬೀಳದ್ದು ಆ ಐದು ನಿಮಿಷದಲ್ಲಿ ಬೀಳುತ್ತದೆ. ದಿನಕ್ಕೆ ಒಂದೇ ಕತೆ. ಮೂರು ನಾಲ್ಕನ್ನು ಒಟ್ಟಿಗೆ ಓದಿದರೆ ಒಂದರ ಸೊಸೆ ಇನ್ನೊಂದರ ಅತ್ತೆಗೆ ಗಂಟು ಬೀಳುತ್ತಾಳೆ. ಬಾನು ಮುಷ್ತಾಕ್ ಅವರ ಕತೆಗಳನ್ನು ನೋಡಿ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದರಲ್ಲಿರುವುದು 12 ಕತೆ. ಆ ಹನ್ನೆರಡನ್ನು ಅವರು ಬರೆದದ್ದು 1990ರಿಂದ 2023ರ ನಡುವೆ. ಅಷ್ಟು ವರ್ಷ ಬಿಡಿಬಿಡಿಯಾಗಿ ಹುಟ್ಟಿದ ಕತೆಗಳನ್ನು ಒಂದು ಸಂಜೆಗೆ ತುರುಕಿದರೆ ಒಂದೊಂದರ ಭಾರ ತಿಳಿಯುವುದಿಲ್ಲ. ಮೆಟ್ರೋದಲ್ಲಿ ಓಡಾಡುವವರಿಗೆ ಹೇಳಿ ಮಾಡಿಸಿದ ಪ್ರಕಾರವಿದು. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿನವರೆಗೂ ಹೋಗುವವರಿಗೆ ಒಂದು ಕತೆ ಆರಾಮಾಗಿ ಮುಗಿಯುತ್ತದೆ.

ಆಮೇಲೆ ಕಾದಂಬರಿ. ಈ 12 ದಿನದೊಳಗೆ ಬಿಡುವಿನ ದಿನ ಬರದ ಹಾಗೆ ನೋಡಿಕೊಳ್ಳಿ. ಮೂರು ದಿನ ಬಿಟ್ಟು ಮತ್ತೆ ತೆರೆದರೆ ಹತ್ತು ಹದಿನೈದು ಪುಟ ಹಿಂದಕ್ಕೆ ಹೋಗಬೇಕಾಗುತ್ತದೆ, ಅರ್ಧ ಗಂಟೆ ಅದಕ್ಕೇ ಹೋಯಿತು. ಕುವೆಂಪು ಅವರ 1967ರ 'ಮಲೆಗಳಲ್ಲಿ ಮದುಮಗಳು' ಈ ಲೆಕ್ಕಕ್ಕೆ ಹಿಡಿಸುವುದಿಲ್ಲ. ಅದಕ್ಕೆ ಒಂದು ಇಡೀ ತಿಂಗಳು ಬೇರೆಯಾಗಿ ಕೊಡುವುದೇ ಮರ್ಯಾದೆ. ತೇಜಸ್ವಿಯವರ 'ಕರ್ವಾಲೊ' 12 ದಿನದೊಳಗೆ ಧಾರಾಳವಾಗಿ ಮುಗಿಯುತ್ತದೆ. ಮೇಲಾಗಿ ಹಾರುವ ಓತಿಯ ಬೆನ್ನು ಹತ್ತಿದ ಆ ಓದು, ಮುಂದೆ ಬರುವ ವಿಜ್ಞಾನದ ಓದಿಗೆ ಮನಸ್ಸನ್ನು ಹದ ಮಾಡಿಡುತ್ತದೆ.

ಕಾದಂಬರಿ ನಿಲ್ಲುವುದು ಸಾಮಾನ್ಯವಾಗಿ ಹೆಸರುಗಳ ಹತ್ತಿರ. ದೊಡ್ಡ ಮನೆತನದ ಕತೆಯಲ್ಲಿ ಅಜ್ಜನ ಹೆಸರೇ ಮೊಮ್ಮಗನಿಗೆ, ಊರಿನ ಹೆಸರೇ ಮನೆಗೆ. ಒಂದು ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ ತೆಗೆದುಕೊಂಡು, ಹೆಸರು, ಯಾರ ಮಗ ಅಥವಾ ಮಗಳು, ಯಾವ ಮನೆ, ಮೊದಲು ಬಂದ ಪುಟ ಬರೆಯುತ್ತ ಹೋಗಿ. ಅದೇ ಪುಟಗುರುತೂ ಆಗುತ್ತದೆ. ಹೊಸ ಹೆಸರುಗಳು ಬರುವುದು ಹೆಚ್ಚಾಗಿ ಮೊದಲ 50 ಪುಟಗಳಲ್ಲಿ, ಬರೆಯುವ ಕಷ್ಟ ಅಷ್ಟರಮಟ್ಟಿಗೆ ಮಾತ್ರ. ಇನ್ನೊಂದು ತೊಡಕು ಊರಮಾತು. ದೇವನೂರ ಮಹಾದೇವರ 'ಕುಸುಮಬಾಲೆ'ಯ ನಂಜನಗೂಡು ಸೀಮೆಯ ನುಡಿ ಕಣ್ಣಿಗೆ ತಡೆ ಹಾಕುತ್ತದೆ, ಕಿವಿಗೆ ಹಾಕುವುದಿಲ್ಲ. ಮೊದಲ ಹತ್ತು ಪುಟವನ್ನು ಗಟ್ಟಿಯಾಗಿ ಓದಿ. ಪದಕೋಶ ಮುಟ್ಟಬೇಡಿ. ಬಾಯಿ ಪಳಗಿದ ಮೇಲೆ ಅರ್ಥ ತಾನಾಗಿ ಹತ್ತುತ್ತದೆ.

ಇನ್ನು ಪದ್ಯ. ನಮ್ಮಲ್ಲಿ ಅತಿ ಹೆಚ್ಚು ಕೈಬಿಟ್ಟಿರುವುದು ಇದನ್ನೇ, ಅದಕ್ಕೇ ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಕುಮಾರವ್ಯಾಸ ಭಾರತ ಕಷ್ಟ ಎಂದು ಬದಿಗಿಟ್ಟವರು ಬಹುಪಾಲು ಅದನ್ನು ಗದ್ಯದಂತೆ ಮೌನವಾಗಿ ಓದಲು ನೋಡಿದವರು. ಅದು ಭಾಮಿನಿ ಷಟ್ಪದಿ, ಹಾಡಿ ಕೇಳಿಸಲು ಕಟ್ಟಿದ್ದು. ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23. ನಡಿಗೆ ಉದ್ದಕ್ಕೂ ಮೂರು ನಾಲ್ಕು, ಮೂರು ನಾಲ್ಕು. ಉದ್ದ ಸಾಲಿನ ಕೊನೆಗೆ ಮಾತ್ರ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಹೆಚ್ಚಿಗೆ.

ಮಾತ್ರೆ ಎಣಿಸುವುದು ಹೇಗೆ? ಹ್ರಸ್ವಾಕ್ಷರಕ್ಕೆ ಒಂದು. ದೀರ್ಘಕ್ಕೆ ಎರಡು. ಅನುಸ್ವಾರ ವಿಸರ್ಗ ಇದ್ದರೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಮಾದರಿಗೆ ಇಲ್ಲೇ ಒಂದು ಸಾಲು ಕಟ್ಟೋಣ. "ಮಳೆಯು ಬಂದಿತು ಮನೆಯ ಮುಂದಕೆ." ತೊಡೆಯ ಮೇಲೆ ಕೈ ಬಡಿಯುತ್ತ ಹೇಳಿ. ಮಳೆಯು, ಮೂರು. ಬಂದಿತು, ಬಂ ಎರಡು, ದಿ ಒಂದು, ತು ಒಂದು, ಒಟ್ಟು ನಾಲ್ಕು. ಮನೆಯ, ಮೂರು. ಮುಂದಕೆ, ನಾಲ್ಕು. ಹದಿನಾಲ್ಕು ಆಯಿತು. ಈ ಮೂರು ಅಥವಾ ನಾಲ್ಕು ಮಾತ್ರೆಯ ಗುಂಪಿಗೆ ಗಣ ಎನ್ನುತ್ತಾರೆ. ನಮ್ಮ ಸಾಲಿನಲ್ಲಿ ಪದವೂ ಗಣವೂ ಒಟ್ಟಿಗೆ ಮುಗಿಯುತ್ತವೆ. ಕುಮಾರವ್ಯಾಸನಲ್ಲಿ ಹಾಗಿರುವುದಿಲ್ಲ. ಸಂಧಿಯಾಗಿ ಪದಗಳು ಬೆಸೆದುಕೊಂಡಿರುತ್ತವೆ, ಗಣ ಪದದ ನಡುವೆಯೇ ತುಂಡಾಗುತ್ತದೆ. ಪದ ಎಲ್ಲಿ ಮುಗಿಯಿತು ಎಂದು ಹುಡುಕುತ್ತ ಓದುವವರು ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲ ಸಲ ಅರ್ಥದ ಗೊಡವೆ ಬಿಟ್ಟು ಮೂರು ನಾಲ್ಕಕ್ಕೆ ಓದಿ. ಎರಡನೇ ಸಲ ಪದಗಳನ್ನು ಬಿಡಿಸಿ. ಮೂರನೇ ಸಲ ಪುಸ್ತಕದ ಕೆಳಗೆ ಕೊಟ್ಟ ಅರ್ಥ ನೋಡಿ. ಮೂರು ಸಲ ಸೇರಿ ಐದಾರು ನಿಮಿಷ. ದಿನಕ್ಕೆ ಒಂದೇ ಪದ್ಯ. ವಿರಾಟಪರ್ವದ ಉತ್ತರಕುಮಾರನ ಭಾಗದಿಂದ ಆರಂಭಿಸಿದರೆ ಕತೆ ಗೊತ್ತಿರುತ್ತದೆ, ನಗುವೂ ಇರುತ್ತದೆ. ಕೊಳ್ಳುವಾಗ ಪದವಿಂಗಡಣೆ, ತಾತ್ಪರ್ಯ ಎರಡೂ ಇರುವ ಪ್ರತಿ ನೋಡಿ ಕೊಳ್ಳಿ. ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳುವ ಅವಕಾಶ ಸಿಕ್ಕರೆ ಪುಸ್ತಕ ತೆರೆದಿಟ್ಟುಕೊಂಡೇ ಕೇಳಿ.

ಷಟ್ಪದಿ ಬೇಡವೆನ್ನುವವರಿಗೆ ವಚನ ಇದೆ. ವಚನದಲ್ಲಿ ಎಡವುವುದು ಬೇರೆ ಕಡೆ. ಅದು ಸುಲಭ ಅನ್ನಿಸಿ ಹತ್ತು ಹನ್ನೆರಡನ್ನು ಒಂದೇ ಉಸಿರಿಗೆ ಓದಿಬಿಡುತ್ತೇವೆ. ಒಗಟಿನಂತಿರುವ ಅಲ್ಲಮನ ಬೆಡಗಿನ ವಚನಕ್ಕೆ ಒಂದು ಇಡೀ ದಿನವೂ ಸಾಲದು.

ನಾಟಕವನ್ನು ಶುಕ್ರವಾರ, ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳಿ. ಮನೆಯವರು ಜೊತೆಗಿದ್ದರೆ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಬಹುದು. ಕಾರ್ನಾಡರ 'ತುಘಲಕ್' 13 ದೃಶ್ಯಗಳ ನಾಟಕ, ದಿನಕ್ಕೆ ನಾಲ್ಕೈದು ದೃಶ್ಯ ಆಗುತ್ತದೆ. ಕಂಸದೊಳಗಿನ ರಂಗಸೂಚನೆ ದಾಟಿ ಹೋಗಬೇಡಿ, ಅಲ್ಲಿ ಒಂದು ಬಾಗಿಲು, ಒಂದು ಪ್ರವೇಶ ತಪ್ಪಿದರೆ ಮುಂದಿನ ಮಾತು ಯಾರಿಗೆ ಎಂದೇ ತಿಳಿಯುವುದಿಲ್ಲ. ಮಾತಾಡದೆ ನಿಂತಿರುವ ಪಾತ್ರದ ಮೇಲೂ ಕಣ್ಣಿರಲಿ. ಪುಟದಲ್ಲಿ ಅವನು ಕಾಣಿಸುವುದಿಲ್ಲ, ರಂಗದ ಮೇಲೆ ಎಲ್ಲರಿಗೂ ಕಾಣುತ್ತಾನೆ. ಓದಿದ ನಾಟಕವನ್ನೇ ಕಲಾಕ್ಷೇತ್ರದಲ್ಲೋ ಜೆ.ಪಿ. ನಗರದ ರಂಗಶಂಕರದಲ್ಲೋ ಆಡುವ ದಿನ ಬಂದರೆ ಬಿಡಬೇಡಿ.

ವಿಜ್ಞಾನಕ್ಕೆ ಪುಟಕ್ಕೆ ಮೂರು ನಿಮಿಷ ಇಟ್ಟಿದ್ದೇವೆ, ಅದರಲ್ಲಿ ಒಂದು ನಿಮಿಷ ಚಿತ್ರ ನೋಡುವುದಕ್ಕೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು', 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು, ಈ ತಿಂಗಳಿಗೆ ತಕ್ಕ ಪುಸ್ತಕ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರಜ್ಞರ ಬರಹ, ನಗಿಸುತ್ತಲೇ ಕಲಿಸುತ್ತದೆ. ಲ್ಯಾಟಿನ್ ಹೆಸರು ಬಂದ ಕೂಡಲೇ ಹೆದರಬೇಡಿ. ಎರಡು ಪದದಲ್ಲಿ ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಜಾತಿಯನ್ನು ಗುರುತಿಸುವುದು. ಒಂದೇ ಕುಲನಾಮ ಎರಡು ಕಡೆ ಕಂಡರೆ ಆ ಗಿಡಗಳು ದಾಯಾದಿಗಳು ಎಂದು ತಿಳಿದರೆ ಸಾಕು. ಓದಿದ ವಾರದಲ್ಲೇ ಲಾಲ್‌ಬಾಗಿಗೆ ಹೋಗಿ ಮರಗಳ ಮೇಲಿನ ಫಲಕಗಳನ್ನು ಓದುತ್ತ ಒಂದು ಸುತ್ತು ಹಾಕಿ. ಪುಟದಲ್ಲಿ ಒಣಗಿದಂತಿದ್ದ ಹೆಸರು ಅಲ್ಲಿ ತೊಗಟೆ, ಎಲೆ, ವಾಸನೆಯೊಂದಿಗೆ ಬರುತ್ತದೆ.

ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ತಂದೆಯ 'ಜ್ಞಾಪಕ ಚಿತ್ರಶಾಲೆ' ಎಂಟು ಸಂಪುಟ. ಬಿಡಿ ಬಿಡಿ ವ್ಯಕ್ತಿಚಿತ್ರಗಳಾದ್ದರಿಂದ, ಬಿಟ್ಟಿದ್ದ ಮೂರು ದಿನದಲ್ಲಿ ಒಂದು ದಿನ ಖಾಲಿ ಉಳಿದರೆ ಎಲ್ಲಿಂದ ಬೇಕಾದರೂ ತೆರೆದು ಒಂದನ್ನು ಓದಬಹುದು. ಹಳೆಯ ಬೆಂಗಳೂರು ಅದರಲ್ಲಿ ಜೀವಂತವಾಗಿದೆ.

ಪುಸ್ತಕ ತರುವ ಬಗ್ಗೆ ಎರಡು ಮಾತು. ಎಲ್ಲವನ್ನೂ ಕೊಳ್ಳಬೇಕಿಲ್ಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಬಡಾವಣೆಗಳ ಶಾಖಾ ಗ್ರಂಥಾಲಯಗಳಿವೆ, 1945ರಲ್ಲಿ ಡಿ.ವಿ.ಜಿ.ಯವರೇ ಕಟ್ಟಿದ ಗೋಖಲೆ ಸಂಸ್ಥೆಯ ಗ್ರಂಥಾಲಯವೂ ಇದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ ಬಳಸುವ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ನಂತರ 1 ಇದ್ದರೆ ಕಾವ್ಯ, 2 ನಾಟಕ, 3 ಕತೆ ಕಾದಂಬರಿ, 4 ಪ್ರಬಂಧ. ಬೆನ್ನಿನ ಚೀಟಿಯಲ್ಲಿ ಆ ಅಂಕಿ ನೋಡಿಕೊಂಡು ಕಪಾಟಿನಿಂದ ಕಪಾಟಿಗೆ ಹೋದರೆ ತಿಂಗಳ ಪ್ರಕಾರಗಳೆಲ್ಲ ಕಾಲು ಗಂಟೆಯಲ್ಲಿ ಕೈಗೆ ಬರುತ್ತವೆ.

ಹಳೆಯ ಪುಸ್ತಕ ಕೊಳ್ಳುವಾಗ ಫಾರಂ ಎಣಿಸಿ. ಫಾರಂ ಎಂದರೆ ಒಟ್ಟಿಗೆ ಅಚ್ಚಾಗಿ ಮಡಚಿದ ಪುಟಗಳ ಕಂತೆ, ಡೆಮಿ 1/8ರಲ್ಲಿ 16 ಪುಟಕ್ಕೆ ಒಂದು. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟುಹೋಗಿರಬಹುದು, ಎರಡು ಸಲ ಸೇರಿರಬಹುದು, ತಲೆಕೆಳಗೂ ಆಗಿರಬಹುದು. 16ರಿಂದ 17ಕ್ಕೆ, 32ರಿಂದ 33ಕ್ಕೆ, 48ರಿಂದ 49ಕ್ಕೆ ಪುಟ ಸರಿಯಾಗಿ ದಾಟುತ್ತದೆಯೇ ನೋಡಿ. ಮುನ್ನುಡಿಗೆ ಬೇರೆ ಪುಟಸಂಖ್ಯೆ ಕೊಟ್ಟಿದ್ದರೆ ಈ ಜಾಗಗಳು ಸ್ವಲ್ಪ ಸರಿಯುತ್ತವೆ. ಹೊಸ ಪುಸ್ತಕವನ್ನು ಒಮ್ಮೆಲೇ ನಡುವೆ ತೆರೆದು ಒತ್ತಬೇಡಿ, ಅಂಟಿನ ಬೆನ್ನು ಸೀಳುತ್ತದೆ. ಮೇಜಿನ ಮೇಲೆ ನಿಲ್ಲಿಸಿ, ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ, ಹೀಗೆ ಎರಡೂ ಕಡೆಯಿಂದ ಸವರುತ್ತ ನಡುವಿಗೆ ಬನ್ನಿ.

ತಿಂಗಳ ಕೊನೆಗೆ ಕಾದಂಬರಿ ಇನ್ನೂ 20 ಪುಟ ಉಳಿದಿದ್ದರೆ ಹೆಸರು ಬರೆದ ಆ ಕಾಗದ ಅಲ್ಲೇ ಇರಲಿ. ಅದರ ಹಿಂಬದಿಯಲ್ಲಿ ನಿಲ್ಲಿಸಿದ ಪುಟ, ಅಲ್ಲಿ ಯಾರು ಎಲ್ಲಿಗೆ ಹೊರಟಿದ್ದರು ಎಂಬ ಒಂದು ಸಾಲು ಬರೆದಿಡಿ. ಗ್ರಂಥಾಲಯದ ಪುಸ್ತಕವಾದರೆ ಅವಧಿ ಮುಗಿಯುವ ಮುಂಚೆ ಹೋಗಿ ನವೀಕರಿಸಿಕೊಂಡು ಬನ್ನಿ, ಒಂದನೇ ತಾರೀಖಿನ 45 ನಿಮಿಷ ಆ 20 ಪುಟಕ್ಕೇ ಮೀಸಲಾಗಲಿ.

ನಮಸ್ಕಾರ.